ಅಕ್ಕಿಯ ಮೇಲೆ ಬರೆದ ಹೆಸರು

ನನ್ನ ಅಣ್ಣ ಹನುಮಂತನ ಮದುವೆಯಲ್ಲಿ ನನಗೆ ಕೊಟ್ಟ ಕೆಲಸ ಒಂದೇ, ಅಕ್ಕಿ ಹರಡಿದ ತಟ್ಟೆ ಅಲುಗದಂತೆ ಹಿಡಿದು ಕೂಡುವುದು. ನಮ್ಮ ಮಂದಿಯಲ್ಲಿ ಮದುವೆಯಾದ ಹುಡುಗಿಗೆ ಹೊಸ ಹೆಸರು ಇಡುವ ಪದ್ಧತಿ. ಗಂಡ ತನ್ನ ಉಂಗುರದಿಂದ ಅಕ್ಕಿಯ ಮೇಲೆ ಆ ಹೆಸರು ಬರೆಯಬೇಕು, ಹುಡುಗಿ ಅದನ್ನು ಬಾಯಿಬಿಟ್ಟು ಓದಬೇಕು, ಆಮೇಲೆ ಅದೇ ಅಕ್ಕಿಯಿಂದ ಪಾಯಸ ಮಾಡಿ ಅವಳಿಗೆ ಉಣ್ಣಿಸಬೇಕು. ಕಲಬುರಗಿಯಿಂದ ಬಂದ ಪ್ರಿಯಂವದಾ ಆ ತಟ್ಟೆಯ ಮುಂದೆ ಕೂತಳು, ಏಳುವಾಗ ನಲಿನಿ ಆಗಿ ಎದ್ದಳು. ಹೆಸರು ಆರಿಸಿದವಳು ನಮ್ಮವ್ವ. ಪ್ರಿಯಂವದಾ ಎಂದು ಪೂರ್ತಿ ಕರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತದೆ ಎಂಬುದು ಅವಳು ಕೊಟ್ಟ ಕಾರಣ. ಹೆತ್ತ ಮಗಳಾದ ನನಗೆ ಸತ್ಯಭಾಮಾ ಎಂದು ಮಾರುದ್ದದ ಹೆಸರು ಇಟ್ಟವಳೂ ಇವಳೇ ಎಂಬುದನ್ನು ಆಗ ಯಾರೂ ನೆನಪಿಸಲಿಲ್ಲ.

ನನಗಿನ್ನೂ ಬಾಯಿ ಸುಮ್ಮನಿರದ ವಯಸ್ಸು. ಆ ವಯಸ್ಸು ಇನ್ನೂ ಮುಗಿದಿಲ್ಲ ಎನ್ನುತ್ತಾರೆ ನಮ್ಮ ಆಫೀಸಿನವರು. "ಹಳೀ ಹೆಸರು ಎಲ್ಲಿ ಹೋಗ್ತದವ್ವಾ?" ಎಂದು ಕೇಳಿದೆ.

"ಹೊಸ್ತಿಲದ ಹೊರಗ ಕೂಡ್ತದ," ಅಂದಳು ಅವ್ವ. "ಅದನ್ನ ಕರೀಬಾರದು. ಕರದ್ರ ಎದ್ದು ಬರ್ತದ."

"ಬಂದ್ರೇನಾತು?"

"ಒಂದು ಮೈಯಾಗ ಇಬ್ಬರು ಹಿಡಸ್ತಾರೇನು, ಹುಚ್ಚಿ? ಒಬ್ಬಾಕಿ ಹೊರಗ ಹೋಗಬೇಕಾಗ್ತದ."

ನಾನು ನಕ್ಕುಬಿಟ್ಟೆ. ತಟ್ಟೆ ಅಲುಗಿ ನಾಲ್ಕು ಕಾಳು ಚೆಲ್ಲಿದವು, ಅವ್ವ ತಲೆಗೆ ಮೊಟಕಿದಳು.

ಅಂದಿನಿಂದ ನಲಿನಿ ನನಗೆ ವೈನಿ. ನಮ್ಮಲ್ಲಿ ಅಣ್ಣನ ಹೆಂಡತಿಯನ್ನು ಹಾಗೆ ಕರೆಯುತ್ತೇವೆ. ಇಪ್ಪತ್ತೆಂಟು ವರ್ಷ ಆ ಹೆಂಗಸು ನಮ್ಮ ಮನೆಯನ್ನು ಹೇಗೆ ಹೊತ್ತಳು ಎಂದು ಹೇಳುತ್ತ ಹೋದರೆ ಅದೇ ಒಂದು ಪುರಾಣವಾಗುತ್ತದೆ. ಅಣ್ಣನಿಗೆ ಸಿಕಂದರಾಬಾದ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ನೌಕರಿ, ಮನೆ ಲಿಂಗಂಪಲ್ಲಿಯಲ್ಲಿ ಮೂರನೇ ಮಹಡಿ. ಸಂಜೆ ಲೋಕಲ್ ಟ್ರೇನಿನಿಂದ ಇಳಿದು ಬಂದು, ಎರಡನೇ ಮಹಡಿ ಮುಟ್ಟುತ್ತಲೇ "ನಲಿನೀ" ಎಂದು ಒಂದು ಕೂಗು ಹಾಕುತ್ತಿದ್ದ. "ಬಂದ್ನ್ರೀ" ಎಂದು ಒಳಗಿನಿಂದ ದನಿ ಬರುತ್ತಿತ್ತು, ಅವನು ಮೇಲೆ ಬರುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು. ಅವರಿಗೆ ಮಕ್ಕಳಾಗಲಿಲ್ಲ. ಅವ್ವ ಹಾಸಿಗೆ ಹಿಡಿದಾಗ ಅವಳ ಉಚ್ಚೆ ಹೇಲು ಬಳಿದವಳು ವೈನಿ. ನಾನು ಆಡಿಟ್ ಆಫೀಸಿನಲ್ಲಿ ಗುಮಾಸ್ತೆ, ಮದುವೆಯಾಗಲಿಲ್ಲ, ಆದ್ದರಿಂದ ಹೆಸರೂ ಬದಲಾಗಲಿಲ್ಲ. ಪ್ರತಿ ರವಿವಾರ ಅಲ್ಲಿಗೆ ಹೋಗಿ, ಚಪ್ಪಲಿ ಬಿಡುತ್ತಲೇ ಅಡಿಗೆಮನೆಯ ಕಡೆ ಮುಖ ಮಾಡಿ ಕೂಗುತ್ತಿದ್ದೆ, "ನಲಿನಿ ವೈನೀ, ಚಹಾಕ್ಕ ಸಕ್ಕರಿ ಕಡಿಮಿ ಹಾಕ್ರಿ." ಪ್ರತಿ ಸಲ ಒಂದೇ ಉತ್ತರ: "ಗೊತ್ತದ ನಮ್ಮವ್ವಾ, ಗೊತ್ತದ." ವಾರವೆಲ್ಲ ಆಫೀಸಿನಲ್ಲಿ ಜಗಳವಾಡಿ ಬಂದ ನನಗೆ ಆ ಎರಡು ಮಾತು ಕೇಳಿದರೆ ಸಾಕಾಗುತ್ತಿತ್ತು. ನಾನು ಅಲ್ಲಿಗೆ ಹೋಗುತ್ತಿದ್ದದ್ದೇ ಅದಕ್ಕೆ.

ಅವ್ವ ತೀರಿಕೊಂಡ ಮೇಲೆ ವೈನಿಗೆ ಕೈ ಖಾಲಿಯಾಯಿತು. ಅದೇ ಹೊತ್ತಿಗೆ ಕೆಳಗಿನ ಫ್ಲ್ಯಾಟಿಗೆ ಗುರುಬಸವ ಬಂದ.

ಗುರುಬಸವ ಬೇಗಂ ಬಜಾರಿನ ಕಿರಾಣಿ ಸಗಟು ವ್ಯಾಪಾರಿಗಳ ಮನೆಯ ಹುಡುಗ, ಬೀದರ್ ಕಡೆಯ ಮಂದಿ. ಎಂಬಿಎ ಓದಿದವನು, ಆದ್ದರಿಂದ ಅಪ್ಪನ ಅಂಗಡಿಯಲ್ಲಿ ಕೂಡಲಾರ. ‘ಸೇರು-ಪಾವು’ ಎಂಬ ಕಂಪನಿಯನ್ನು ಆ ಫ್ಲ್ಯಾಟಿನಲ್ಲೇ ಶುರು ಮಾಡಿದ್ದ. ಗಲ್ಲಿಗಲ್ಲಿಯ ಸಣ್ಣ ಅಂಗಡಿಗಳಿಂದ ಫೋನಿನಲ್ಲಿ ಆರ್ಡರ್ ತೆಗೆದುಕೊಂಡು, ಎಲ್ಲರದೂ ಕೂಡಿಸಿ ಒಟ್ಟಿಗೆ ಕೊಂಡು, ಬೆಳಗಾಗುವಷ್ಟರಲ್ಲಿ ಅಂಗಡಿ ಬಾಗಿಲಿಗೆ ಇಳಿಸುವುದು. ಅಪ್ಪನ ದುಡ್ಡು ಮುಗಿದಿತ್ತು, ಗೆಳೆಯರ ದುಡ್ಡೂ ಮುಗಿದಿತ್ತು. ವೈನಿಯ ಕೈಯ ಚಹಾದ ಆಸೆಗೆ ಮೇಲೆ ಬರುತ್ತಿದ್ದ, ಬಂದಾಗಲೆಲ್ಲ ಬಂಡವಾಳ ಹಾಕುವವರ ಮಾತೇ.

"ಬ್ಯಾಂಕಿಗೆ ಹೋಗಬಾರದೇನಪಾ?" ಎಂದು ನಾನು ಕೇಳಿದೆ.

"ಬ್ಯಾಂಕಿನವರು ಅಡವ ಕೇಳ್ತಾರ್ರಿ ಕಾಕೂ. ಇವರು ಅಡವ ಕೇಳೂದಿಲ್ಲ, ಪಾಲು ಕೇಳ್ತಾರ. ಕಂಪನಿ ಮುಳುಗಿದ್ರ ಅವರ ದುಡ್ಡೂ ಮುಳುಗ್ತೈತಿ, ನನ್ನ ಅಂಗಿ ಹಿಡದು ಕೇಳಂಗಿಲ್ಲ."

"ಅಂಥ ಧರ್ಮರಾಯರು ಇನ್ನೂ ಇದ್ದಾರೇನು ಹೈದರಾಬಾದಿನಾಗ?"

"ಧರ್ಮ ಅಲ್ರಿ ಇದು," ಎಂದು ಅವನು ಕುರ್ಚಿ ಮುಂದೆ ಎಳೆದುಕೊಂಡ. "ಅವರ ದುಡ್ಡೂ ಅವರದಲ್ಲ. ದೊಡ್ಡ ದೊಡ್ಡ ಮಂದಿ ಹತ್ರ ಕೂಡಿಸಿರ್ತಾರ, ಹತ್ತು ವರ್ಷದಾಗ ಬೆಳಸಿ ತಿರುಗಿ ಕೊಡಬೇಕು. ಹತ್ತು ಕಂಪನಿಗೆ ಹಾಕ್ತಾರ. ಏಳೆಂಟು ಸಾಯ್ತಾವ. ಅದು ಅವರಿಗೆ ಮೊದಲ ಗೊತ್ತೈತಿ. ಒಂದು ಬದುಕಿ ಆನಿ ಆದ್ರ ಸತ್ತವರದೆಲ್ಲಾ ತುಂಬ್ತೈತಿ."

ಏಳೆಂಟು ಸಾಯುತ್ತವೆ ಎಂದು ಗೊತ್ತಿದ್ದೇ ಹಾಕುತ್ತಾರೆ ಎಂಬ ಮಾತು ನನ್ನ ಎದೆಯಲ್ಲಿ ಸರಿಯಾಗಿ ಇಳಿಯಲಿಲ್ಲ. ವೈನಿ ಮಾತ್ರ ಕಪ್ಪು ತೊಳೆಯುವುದನ್ನು ಬಿಟ್ಟು ಕೇಳುತ್ತ ನಿಂತಿದ್ದಳು.

"ಮತ್ತ ಯಾವುದು ಆನಿ ಆಗ್ತದ ಅಂತ ಹೆಂಗ ಗೊತ್ತಾಗ್ತದ?" ಎಂದಳು.

"ಗೊತ್ತಾಗೂದಿಲ್ರಿ. ಅದಕ್ಕ ಅವರು ಲೆಕ್ಕಕ್ಕಿಂತ ಮಂದೀನ್ನ ನೋಡ್ತಾರ. ಯಾರ್ ಯಾರ್ ಅದಾರ, ಏನ್ ಮಾತಾಡ್ತಾರ, ಬಿಟ್ಟು ಹೋಗ್ತಾರೋ ಇರ್ತಾರೋ, ಅದು."

ಮಂದಿಯನ್ನು ನೋಡುವವರು ಬರುವ ದಿನ ಗುರುಬಸವನ ಬಳಿ ಮಂದಿಯೇ ಇರಲಿಲ್ಲ. ಸಂಬಳ ತಪ್ಪಿ ಅರ್ಧ ಜನ ಬಿಟ್ಟಿದ್ದರು. ಕುರ್ಚಿ ತುಂಬಿಸಲು ಅವನು ಚಿಕ್ಕಪ್ಪನ ಮಕ್ಕಳನ್ನು ಕರೆತಂದ, ಬಿಲ್ಡಿಂಗಿನ ನಾಲ್ಕು ಮಂದಿಯನ್ನು ಕೈಮುಗಿದು ಕೂಡಿಸಿದ. ವೈನಿಯನ್ನೂ ಬೇಡಿಕೊಂಡ. "ಒಂದು ತಾಸು ಸುಮ್ನ ಕೂಡ್ರಿ ಸಾಕು. ಖರೇ ಹೆಸರು ಮಾತ್ರ ಹೇಳಬ್ಯಾಡ್ರಿ, ಮ್ಯಾಲಿನ ಮನಿಯವರು ಅಂತ ಗೊತ್ತಾಗಬಾರದು. ಯಾವುದರೆ ಒಂದು ಹೇಳ್ರಿ." ನಾನಾಗಿದ್ದರೆ ಬೈದು ಕಳಿಸುತ್ತಿದ್ದೆ. ವೈನಿಗೆ ಇಲ್ಲ ಎನ್ನಲು ಬರುವುದಿಲ್ಲ, ಹೋದಳು.

ಆ ದಿನ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ಅವಳನ್ನು ಕೂಡಿಸಿದ ಮೇಜಿನ ಮೇಲೆ ಸ್ಟೀಲ್ ತಟ್ಟೆಗಳಲ್ಲಿ ಬೇಳೆ, ಅಕ್ಕಿಯ ಮಾದರಿ ಇಟ್ಟಿದ್ದರು. ಯಾವ ಹೆಸರು ಹೇಳಲಿ ಎಂದು ಯೋಚಿಸುತ್ತ, ಬೇಜಾರಿಗೆ, ಬೆರಳಿನ ಉಂಗುರ ತೆಗೆದು ಅಕ್ಕಿಯ ಮೇಲೆ ಗೀಚುತ್ತಿದ್ದಳಂತೆ. ಬಂಡವಾಳದ ಸಂಸ್ಥೆಯಿಂದ ಬಂದವನ ಹೆಸರು ವಿಶ್ವಜಿತ್. ಮುಂಬಯಿಯವನು, ಮಿತಭಾಷಿ, ಎಲ್ಲರ ಬೆನ್ನ ಹಿಂದೆ ನಿಧಾನವಾಗಿ ನಡೆದು ಬರುತ್ತಿದ್ದ. ಇವಳ ಹತ್ತಿರ ನಿಂತು, ತಟ್ಟೆಯಲ್ಲಿ ಏನು ಬರೆದಿದೆ, ಓದಿ ಹೇಳಿ ಎಂದು ಹಿಂದಿಯಲ್ಲಿ ಕೇಳಿದ. ಆಗಲೇ ಅವಳು ತಟ್ಟೆಯನ್ನು ಸರಿಯಾಗಿ ನೋಡಿದ್ದು.

"ಪ್ರಿಯಂವದಾ," ಎಂದು ಓದಿದಳು.

ಅವನು ಅದನ್ನೇ ಅವಳ ಹೆಸರೆಂದು ತಿಳಿದ. ಹೊಸದಾಗಿ ಸೇರಿದ ಅಂಗಡಿಗಳು ತಿಂಗಳಲ್ಲೇ ಬಿಟ್ಟು ಹೋಗುತ್ತವಂತಲ್ಲ, ಯಾಕೆ, ಎಂದು ಕೇಳಿದ. ಮಿಕ್ಕವರೆಲ್ಲ ಆ ಪ್ರಶ್ನೆಗೆ ತಡವರಿಸಿದ್ದರು. ವೈನಿ ಹೇಳಿದಳಂತೆ, ಕಂಪನಿಯ ಯಂತ್ರದ ಫೋನು ಅಂಗಡಿಯವರನ್ನು ನಂಬರಿನಿಂದ ಕರೆಯುತ್ತದೆ, ತಮ್ಮನ್ನು ಹೆಸರು ಹಿಡಿದು ಕರೆಯುವವರ ಹತ್ತಿರ ಮನುಷ್ಯರು ಉಳಿಯುತ್ತಾರೆ, ಮರೆತವರ ಹತ್ತಿರ ಉಳಿಯುವುದಿಲ್ಲ. ಕಾಲು ತಾಸು ಮಾತಾಡಿದಳಂತೆ, ಸ್ಪಷ್ಟ ಹಿಂದಿಯಲ್ಲಿ. ನಮ್ಮ ವೈನಿಗೆ ತರಕಾರಿ ಚೌಕಾಸಿಗೆ ಬೇಕಾಗುವಷ್ಟು ಹಿಂದಿ ಮಾತ್ರ ಬರುತ್ತಿತ್ತು.

"ಸತ್ಯಾ, ಬಾಯಿ ನಂದೇ ಇತ್ತು," ಎಂದಳು ನನ್ನ ಕೈ ಹಿಡಿದು. ಅವಳ ಅಂಗೈ ತಣ್ಣಗಿತ್ತು. "ಮಾತು ನನ್ನವಲ್ಲ."

"ಎಲ್ಲೋ ಟಿವಿಯೊಳಗ ಕೇಳಿದ್ದು ನೆನಪಾಗಿರಬೇಕು ಬಿಡ್ರಿ," ಎಂದೆ. ಆಡಿಟ್ ಆಫೀಸಿನವರ ಹತ್ತಿರ ಎಲ್ಲದಕ್ಕೂ ಒಂದು ವಿವರಣೆ ಇರುತ್ತದೆ.

ಕೆಲವು ದಿನಗಳಲ್ಲಿ ಕರಾರಿನ ಕರಡು ಬಂತು. ಒಂದು ರವಿವಾರ ಗುರುಬಸವ ಅದನ್ನು ಹಿಡಿದು ಮೇಲೆ ಬಂದ, ಮುಖದಲ್ಲಿ ಖುಷಿಯೂ ಇತ್ತು, ಹೆದರಿಕೆಯೂ ಇತ್ತು. ಆರು ಕೋಟಿ ಹಾಕುತ್ತಾರೆ, ಕಂಪನಿಯಲ್ಲಿ ಐದನೇ ಒಂದು ಪಾಲು ತೆಗೆದುಕೊಳ್ಳುತ್ತಾರೆ. ಹಾಗಾಗಿ ಕಂಪನಿಯ ಬೆಲೆ ಮೂವತ್ತು ಕೋಟಿ ಎಂದು ಕಾಗದದ ಮೇಲೆ ಆಯಿತು. ಬಾಡಿಗೆ ಕಟ್ಟಲಾರದ ಫ್ಲ್ಯಾಟಿಗೆ ಮೂವತ್ತು ಕೋಟಿ ಎಂದು ನಾನು ನಕ್ಕರೆ, ಅವನೂ ನಕ್ಕ. ದುಡ್ಡು ಎರಡು ಕಂತಿನಲ್ಲಿ, ಅರ್ಧ ಈಗ, ಅರ್ಧ ಅವರು ಹೇಳಿದಷ್ಟು ಅಂಗಡಿಗಳು ಕೂಡಿದ ಮೇಲೆ. ಆಡಳಿತ ಮಂಡಳಿಯಲ್ಲಿ ವಿಶ್ವಜಿತನಿಗೆ ಒಂದು ಕುರ್ಚಿ. ನಾಳೆ ಕಂಪನಿ ಮಾರಿದರೆ ಮೊದಲು ಅವರ ದುಡ್ಡು, ಉಳಿದರೆ ಮಿಕ್ಕವರಿಗೆ. ಗುರುಬಸವನ ಪಾಲು ಕೂಡ ಒಮ್ಮೆಗೇ ಅವನದಲ್ಲ, ನಾಲ್ಕು ವರ್ಷ ದುಡಿದರೆ ಸ್ವಲ್ಪ ಸ್ವಲ್ಪವಾಗಿ ಅವನ ಕೈಗೆ ಬರುತ್ತದೆ. ಮಧ್ಯೆ ಬಿಟ್ಟು ಹೋಗುವಂತಿಲ್ಲ.

"ಕೊನೀ ಪುಟದಾಗ ಒಂದು ಮಾತೈತ್ರಿ," ಎಂದು ಅವನು ವೈನಿಯ ಕಡೆ ನೋಡಿದ. "ಮುಖ್ಯ ವ್ಯಕ್ತಿಗಳು ಅಂತ ಬರದಾರ. ಇವರಿದ್ರ ದುಡ್ಡು ಐತಿ, ಇವರಿಲ್ಲಂದ್ರ ಇಲ್ಲ ಅಂತ. ಒಬ್ಬವ ನಾನು. ಇನ್ನೊಬ್ಬಾಕಿ ಪ್ರಿಯಂವದಾ."

ನಾನು ಮಾತಾಡಿದೆ, ಸಾಕಷ್ಟು. ಇಲ್ಲದವಳನ್ನು ಇದ್ದಾಳೆಂದು ತೋರಿಸಿದ್ದು ಮೋಸ ಎಂದೆ, ವಿಶ್ವಜಿತನ ಮುಂದೆ ಹೋಗಿ ಒಪ್ಪಿಕೋ ಎಂದೆ. ಹುಡುಗ ತಲೆ ತಗ್ಗಿಸಿದ. ಅಪ್ಪನ ಅಂಗಡಿ ಆಗಲೇ ಸಾಲಕ್ಕೆ ಒತ್ತೆ ಬಿದ್ದಿತ್ತು.

ನನಗೆ ಇದ್ದ ಧೈರ್ಯವೆಂದರೆ, ದುಡ್ಡು ಹಾಕುವ ಮೊದಲು ಅವರು ಎಲ್ಲವನ್ನೂ ತನಿಖೆ ಮಾಡಿಸುತ್ತಾರೆ, ಸುಳ್ಳು ಹೊರಬೀಳುತ್ತದೆ ಎಂಬುದು. ನಮ್ಮ ಪದ್ಧತಿಯನ್ನು ನಾನೇ ಮರೆತಿದ್ದೆ. ವೈನಿಯ ಹತ್ತನೆಯ ತರಗತಿಯ ಅಂಕಪಟ್ಟಿ, ಬಿಎ ಸರ್ಟಿಫಿಕೇಟು, ಟೈಪಿಂಗ್ ಪರೀಕ್ಷೆಯ ಕಾಗದ, ಎಲ್ಲವೂ ಪ್ರಿಯಂವದಾ ಎಂಬ ಹೆಸರಿನಲ್ಲೇ ಇದ್ದವು. ತನಿಖೆಯವರು ಕಲಬುರಗಿಯ ಕಾಲೇಜಿಗೆ ಹೋಗಿ ಕೇಳಿದರು. ಹೌದು, ಅಂಥ ಹುಡುಗಿ ಓದಿದ್ದಳು, ಬಹಳ ಚುರುಕು, ಚರ್ಚಾಸ್ಪರ್ಧೆಯಲ್ಲಿ ಹಿಂದಿಯಲ್ಲಿ ಬಹುಮಾನ ಗೆದ್ದಿದ್ದಳು. ಮದುವೆಯ ಹಿಂದಿನ ದಿನದವರೆಗೆ ಅವಳು ಕಾಗದದ ಮೇಲೆ ಬದುಕಿದ್ದಳು. ಅಲ್ಲಿಂದ ಮುಂದೆ ಖಾಲಿ. ಖಾಲಿಯನ್ನು ಯಾರೂ ಪ್ರಶ್ನಿಸಲಿಲ್ಲ. ಹೆಂಗಸರ ವಿಷಯದಲ್ಲಿ ಅದು ಸಾಮಾನ್ಯ ಎಂದು ತನಿಖೆಯವರು ಬರೆದರಂತೆ.

ಮೊದಲ ಕಂತು ಬಂದ ದಿನ ಗುರುಬಸವನ ತಾಯಿ ಆಫೀಸಿನಲ್ಲಿದ್ದ ಆ ಮಾದರಿ ಅಕ್ಕಿಯನ್ನೇ ಒಯ್ದು, ಒಳ್ಳೇ ಶಕುನದ್ದೆಂದು, ಪಾಯಸ ಮಾಡಿ ಕಳಿಸಿದರು. ವೈನಿ ಎರಡು ಬಟ್ಟಲು ಉಂಡಳು. ಬರೆದದ್ದಾಯಿತು, ಓದಿದ್ದಾಯಿತು, ಉಂಡದ್ದೂ ಆಯಿತು. ಇದನ್ನು ನಾನು ಕೂಡಿಸಿ ನೋಡಿದ್ದು ಬಹಳ ತಡವಾಗಿ.

ವೈನಿ ದಿನಾ ಕೆಳಗೆ ಹೋಗತೊಡಗಿದಳು. ಅಂಗಡಿಯವರಿಗೆ ಫೋನು ಮಾಡುವ ಹುಡುಗಿಯರಿಗೆ ಮೇಲ್ವಿಚಾರಕಿ. ಅಂಗಡಿಗಳು ಸಾಲುಸಾಲಾಗಿ ಕೂಡಿಕೊಂಡವು, ಕೆಲಸದವರು ಐವತ್ತಕ್ಕೆ ಏರಿದರು, ಕಂಪನಿ ಮಾಧಾಪುರದ ದೊಡ್ಡ ಕಟ್ಟಡಕ್ಕೆ ಹೋಯಿತು. ನನಗೂ ಒಳಗೊಳಗೆ ಹೆಮ್ಮೆಯೆನಿಸಿದ್ದು ಸುಳ್ಳಲ್ಲ.

ಮಳೆಗಾಲದಲ್ಲಿ ವೈನಿಯ ಅಣ್ಣನ ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆಂದು ನಾವಿಬ್ಬರೂ ಕಲಬುರಗಿಗೆ ಹೋಗಿದ್ದೆವು. ತಿರುಗಿ ಬಂದ ಸಂಜೆ ಗುರುಬಸವ ಮನೆಗೆ ಬಂದು ವೈನಿಯ ಕಾಲಿಗೇ ಬಿದ್ದ. "ನಿನ್ನೆ ಮೀಟಿಂಗ್‌ನಾಗ ನೀವು ಇಲ್ಲದಿದ್ರ ನಾ ಸತ್ತಿದ್ದೆ ನೋಡ್ರಿ. ವಿಶ್ವಜಿತ್ ಸಾಹೇಬ್ರು ನಿಮ್ಮ ಮಾತಿಗೆ ಭಾಳ ಖುಷ್ ಆದ್ರು."

"ನಿನ್ನೆ ನಾವು ಕಲಬುರಗಿಯೊಳಗ ಇದ್ವೆಪಾ," ಎಂದೆ ನಾನು.

ಅವನು ನಕ್ಕು, ಚೇಷ್ಟೆ ಸಾಕು ಎಂಬಂತೆ, ಫೋನು ತೆಗೆದು ಫೋಟೋ ತೋರಿಸಿದ. ಮೀಟಿಂಗ್ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತಿದ್ದರು. ಹಿಂದಿನ ಸಾಲಿನ ತುದಿಯಲ್ಲಿ ಒಬ್ಬಳು, ಮುಖ ಅರ್ಧ ತಿರುಗಿತ್ತು. ನಮ್ಮ ವೈನಿ ತುರುಬು ಕಟ್ಟುತ್ತಾಳೆ, ಈಕೆಗೆ ಭುಜದ ಮೇಲೆ ಇಳಿದ ಜಡೆ. ಕೊರಳಲ್ಲಿ ತಾಳಿ ಇರಲಿಲ್ಲ. ಬೇರೆ ಯಾರೋ ಇರಬೇಕು, ಬೆಳಕು ಸರಿಯಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ವೈನಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಆ ಹಸರು ಸೀರಿ ನಂದು," ಅಂದಳು ಮೆಲ್ಲಗೆ. "ಕಾಲೇಜಿಗೆ ಉಟಗೊಂಡು ಹೋಗ್ತಿದ್ದೆ. ಮದುವಿಗೆ ಮೊದಲ ಹರದು ಹೋಗಿತ್ತು, ಹಳೀ ಬಟ್ಟಿ ತಗೊಳ್ಳಾಕಿ ಕಡೆ ಕೊಟ್ಟು ಭಾಂಡೆ ತಗೊಂಡಿದ್ವಿ."

ಗುರುಬಸವ ಫೋನು ಇಸಿದುಕೊಂಡು ಕೆಳಗೆ ಇಳಿದು ಹೋದ. ಮತ್ತೆ ಆ ಮಾತೆತ್ತಲಿಲ್ಲ. ದುಡ್ಡು ಬರುವ ದಾರಿಯಲ್ಲಿ ನಿಂತದ್ದು ದೆವ್ವವಾದರೂ ಸರಿ, ಸಹಿ ಹಾಕಲು ಬಂದರೆ ಸಾಕು ಎನ್ನುವ ಸ್ಥಿತಿ ಅವನದು.

ಮನೆಯಲ್ಲಿ ಮಾತ್ರ ಬೇರೆಯೇ ಶುರುವಾಯಿತು. ಅಣ್ಣ ಎರಡನೇ ಮಹಡಿಯಿಂದ "ನಲಿನೀ" ಎಂದು ಕೂಗಿದರೆ ಉತ್ತರ ಬರುವುದು ತಡವಾಗತೊಡಗಿತು. ಮೊದಮೊದಲು ಎರಡನೇ ಕೂಗಿಗೆ ಬರುತ್ತಿತ್ತು. ಆಮೇಲೆ ಅವನೇ ಬೀಗ ತೆಗೆದು ಒಳಗೆ ಬಂದರೆ ವೈನಿ ಸೋಫಾದ ಮೇಲೆ ಕೂತೇ ಇರುತ್ತಿದ್ದಳು. "ಯಾರನ್ನ ಕರದ್ರಿ?" ಎಂದು ಕೇಳುತ್ತಿದ್ದಳು. ಅವ್ವನ ತಿಥಿ ಮರೆತಳು. ಆರು ವರ್ಷ ಅವ್ವನಿಗೆ ಗಂಜಿ ಕುಡಿಸಿದವಳು, ಗೋಡೆಯ ಮೇಲಿನ ಫೋಟೋ ನೋಡಿ, ಈ ಅಜ್ಜಿ ಭಾಳ ಗಟ್ಟಿ ಇದ್ದಂಗ ಕಾಣಸ್ತಾರ ಎಂದಳು. ಅಣ್ಣ ನನಗೆ ಫೋನು ಮಾಡಿ ಇದನ್ನು ಹೇಳಿದ. ನನಗೆ ಅಂದು ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಡಾಕ್ಟರಿಗೆ ತೋರಿಸಿದೆವು. ತಲೆಯೊಳಗೆಲ್ಲ ಚೊಕ್ಕಟ ಇದೆ, ವಯಸ್ಸಿಗಿಂತ ಚುರುಕಾಗಿದ್ದಾರೆ ಎಂದರು.

ಒಮ್ಮೊಮ್ಮೆ ಮಾತ್ರ ಅವಳು ಮರಳುತ್ತಿದ್ದಳು. ನಾನು ಕರೆದರೆ "ಗೊತ್ತದ ನಮ್ಮವ್ವಾ" ಎನ್ನುತ್ತಿದ್ದಳು, ಆದರೆ ಆ ದನಿ ಸ್ವಲ್ಪ ದೂರದಿಂದ ಬಂದಂತೆ ಇರುತ್ತಿತ್ತು.

ಎರಡನೇ ಕಂತಿನ ಹೊತ್ತಿಗೆ ಪೇಚು ಬಂತು. ಮುಖ್ಯ ವ್ಯಕ್ತಿ ಅಂದಮೇಲೆ ಅವಳ ಹೆಸರಿಗೂ ಪಾಲು ಬರೆಯಬೇಕು, ಅದೂ ನಾಲ್ಕು ವರ್ಷಗಳ ಕರಾರಿನ ಮೇಲೆ. ಪಾಲಿನ ಕಾಗದಕ್ಕೆ ಪ್ಯಾನ್ ಕಾರ್ಡು ಬೇಕು. ಪ್ಯಾನ್ ಕಾರ್ಡು, ಆಧಾರ್, ರೇಷನ್ ಎಲ್ಲವೂ ನಲಿನಿ. ವಕೀಲರು ದಾರಿ ಹೇಳಿದರು, ಗೆಜೆಟ್‌ನಲ್ಲಿ ಪ್ರಕಟಣೆ ಕೊಟ್ಟರೆ ಆಯಿತು: ನಲಿನಿ ಎಂಬ ನಾನು ಇಂದಿನಿಂದ ಪ್ರಿಯಂವದಾ. ಒಂದು ಸಹಿ. ಅದು ಆಗದಿದ್ದರೆ ಎರಡನೇ ಕಂತು ಇಲ್ಲ, ಐವತ್ತು ಮಂದಿಯ ಸಂಬಳ ಇಲ್ಲ, ಗುರುಬಸವನ ಅಪ್ಪನ ಅಂಗಡಿಯೂ ಇಲ್ಲ.

ನಾನು ಓಡಿ ಬಂದೆ. ಅಣ್ಣ, ವೈನಿ, ಗುರುಬಸವ ಮೂವರೂ ಪಡಸಾಲೆಯಲ್ಲಿ ಕೂತಿದ್ದರು, ಮೇಜಿನ ಮೇಲೆ ಆ ಕಾಗದ ಇತ್ತು.

"ಸಹಿ ಮಾಡಬ್ಯಾಡ್ರಿ ವೈನೀ," ಎಂದೆ. "ಅವ್ವ ಏನಂದಿದ್ಲು ನೆನಪದನ? ಇಬ್ಬರು ಹಿಡಸೂದಿಲ್ಲ ಅಂದಿದ್ಲು. ನೀವು ಹೊರಗ ಹೋಗ್ತೀರಿ."

"ಹೆಸರ ತಾನ, ಸತ್ಯಾ," ಎಂದ ಅಣ್ಣ. ಪಾಪ, ಅವನಿಗೆ ಗುರುಬಸವನ ಮುಖ ನೋಡಲಾಗುತ್ತಿರಲಿಲ್ಲ. "ಹುಡುಗಂದು ಮನಿ ಮುರೀತದ. ಮನ್ಯಾಗ ನಾ ನಲಿನಿ ಅಂತನ ಕರೀತೀನಿ."

"ನೀ ಸುಮ್ಮನಿರು! ಹೆಸರ ತಾನ ಅಂತ. ನಿನ್ನ ಹೆಸರು ಯಾರರೆ ಬದಲಿ ಮಾಡ್ಯಾರೇನು?"

ವೈನಿ ಆಗ ನನ್ನನ್ನು ನೋಡಿದಳು. ಆ ಕಣ್ಣು ನನ್ನ ವೈನಿಯದೂ ಆಗಿತ್ತು, ಇನ್ನೊಬ್ಬಳದೂ ಆಗಿತ್ತು.

"ಅದನ್ನ ಇಪ್ಪತ್ತೆಂಟು ವರ್ಷದ ಹಿಂದ ಯಾಕ ಕೇಳಲಿಲ್ಲ?" ಎಂದಳು. ಸಿಟ್ಟಿರಲಿಲ್ಲ, ಅದೇ ನನ್ನನ್ನು ಚುಚ್ಚಿತು. "ನನಗ ಅಪ್ಪ ಇಟ್ಟ ಹೆಸರಿತ್ತು, ಸತ್ಯಾ. ಆ ಹೆಸರಿನಾಕಿಗೆ ಹಿಂದಿ ಬರ್ತಿತ್ತು, ವಾದ ಮಾಡ್ಲಿಕ್ಕೆ ಬರ್ತಿತ್ತು. ಒಂದು ತಟ್ಟಿ ಅಕ್ಕಿಯೊಳಗ ಆಕೀನ್ನ ಮುಚ್ಚಿದ್ರಿ. ಆಕಿ ಎಲ್ಲಿ ಕೂತಾಳ, ಉಂಡಾಳೋ ಇಲ್ಲೋ ಅಂತ ಯಾರರೆ ಒಂದು ಸಲ ಬಾಗಲಾ ತಗದು ನೋಡಿದ್ರೇನು? ನಾನೂ ನೋಡಲಿಲ್ಲ."

ಅವಳು ಹೇಳಿದ್ದು ನಿಜವಾಗಿತ್ತು, ಆದರೂ ನನಗೆ ಬೇಕಾದವಳು ನಲಿನಿ ವೈನಿಯೇ. ಅವಳು ಪೆನ್ನು ತೆಗೆದುಕೊಂಡಳು. ಎದ್ದು, ನನ್ನ ತಲೆಯ ಮೇಲೆ ಒಮ್ಮೆ ಕೈಯಾಡಿಸಿದಳು, ಅವ್ವ ಹೋದ ದಿನ ಆಡಿಸಿದ ಹಾಗೆಯೇ. ಆಮೇಲೆ ಕೂತು ಸಹಿ ಮಾಡಿದಳು.

ಗೆಜೆಟ್ ಬಂತು, ಕಂತೂ ಬಂತು. ನಾನು ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಹೋದರೆ ಏನು ಕಾಣುತ್ತದೋ ಎಂಬ ಅಂಜಿಕೆ. ಕೊನೆಗೆ ಒಂದು ರವಿವಾರ ಸಂಜೆ ತಡೆಯಲಾರದೆ ಲಿಂಗಂಪಲ್ಲಿಗೆ ಹೋದೆ.

ಬಾಗಿಲು ತೆರೆದವಳಿಗೆ ಭುಜದ ಮೇಲೆ ಜಡೆ ಇತ್ತು. "ಬರ್ರಿ, ಕೂಡ್ರಿ," ಎಂದಳು ನಗುತ್ತ, ದೂರದ ನೆಂಟರಿಗೆ ಹೇಳುವಂತೆ. ಒಳ್ಳೆಯವಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ಬಂದಿದ್ದೆ, ಆಗಲಿಲ್ಲ. ಕೆಟಲಿನಲ್ಲಿ ಚಹಾ ಮಾಡಿ ತಂದು, ನನಗೂ ಅಣ್ಣನಿಗೂ ಕಪ್ಪಿಗೆ ಹಾಕಿ ಕೊಟ್ಟಳು. ಸಕ್ಕರೆ ಪಾಕದಂತಿತ್ತು. ಮೀಟಿಂಗ್ ಇದೆ ಎಂದು ಹೇಳಿ, ಲ್ಯಾಪ್‌ಟಾಪ್ ಹಿಡಿದು ಅಡಿಗೆಮನೆಯ ಮೇಜಿಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ಅವಳ ಹಿಂದಿ ಕೇಳಿಸಿತು, ನಗು ಕೇಳಿಸಿತು. ಅಂಥ ನಗುವನ್ನು ನಾನು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ.

ನಾನು ಬೇಕೆಂದು ಮಾಡಲಿಲ್ಲ. ಇಪ್ಪತ್ತೆಂಟು ವರ್ಷದ ರೂಢಿ ನಾಲಿಗೆಯಲ್ಲಿ ಕೂತಿರುತ್ತದೆ. ಕಪ್ಪು ಕೆಳಗಿಡುತ್ತ ಅಡಿಗೆಮನೆಯ ಕಡೆ ಮುಖ ಮಾಡಿ ಕೂಗಿದೆ, "ನಲಿನಿ ವೈನೀ, ಚಹಾಕ್ಕ ಸಕ್ಕರಿ ಕಡಿಮಿ ಹಾಕ್ರಿ."

ಅಡಿಗೆಮನೆಯಲ್ಲಿದ್ದವಳು ತಿರುಗಿ ನೋಡಲಿಲ್ಲ.

"ಗೊತ್ತದ ನಮ್ಮವ್ವಾ, ಗೊತ್ತದ," ಎಂದು ಉತ್ತರ ಬಂತು. ಮುಚ್ಚಿದ ಮುಂಬಾಗಿಲ ಆ ಕಡೆಯಿಂದ ಬಂತು.

ನಾನು ದಡಬಡಿಸಿ ಎದ್ದು ನಿಂತೆ. ಅಣ್ಣ ಬೆಚ್ಚಲಿಲ್ಲ. ಗಡಿಯಾರ ನೋಡಿದ, ಎದ್ದ, ಕೆಟಲಿನಲ್ಲಿ ಉಳಿದ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿಕೊಂಡ. "ದಿನಾ ಈ ಹೊತ್ತಿಗೆ ಕೂತಿರ್ತಾಳ," ಎಂದ ಸಣ್ಣ ದನಿಯಲ್ಲಿ. "ಒಳಗ ಬಾ ಅಂದ್ರ ಬರೂದಿಲ್ಲ."

ಅವನ ಹಿಂದೆ ನಾನೂ ಹೋದೆ. ಹೊಸ್ತಿಲ ಆಚೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಅಣ್ಣ ಗೋಡೆಯ ಕಡೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತ. ಒಂದು ಲೋಟವನ್ನು ಆ ಜಾಗದ ಮುಂದೆ ಇಟ್ಟ. ಅವ್ವನ ಕೋಣೆಯಲ್ಲಿ ಯಾವಾಗಲೂ ಇರುತ್ತಿದ್ದ ಬೇವಿನೆಣ್ಣೆ, ಅರಿಶಿನದ ವಾಸನೆ ಅಲ್ಲಿತ್ತು. ಅದು ವೈನಿಯ ಕೈಯ ವಾಸನೆ.

"ವೈನೀ," ಎಂದೆ. ಅಳು ಬಂದುಬಿಟ್ಟಿತ್ತು. "ಇಲ್ಲ್ಯಾಕ ಕೂತೀರಿ? ಒಳಗ ಬರ್ರಿ."

"ಒಳಗ ಆಕಿ ಅದಾಳಲ್ಲ." ದನಿ ಅಣ್ಣನ ಮಗ್ಗುಲಿನಿಂದಲೇ ಬಂತು, ಎಂದಿನಂತೆ ಶಾಂತವಾಗಿ.

"ಆಕೀನ್ನ ನಾ ಕಳಸ್ತೀನಿ. ಈಗ ತಟ್ಟಿ ತರ್ತೀನಿ, ಅಕ್ಕಿ ತರ್ತೀನಿ, ಅಣ್ಣನ ಬೆರಳಾಗ ಉಂಗುರ ಅದ. ನಿಮ್ಮ ಹೆಸರು ಬರಸ್ತೀನಿ."

"ಬ್ಯಾಡ ನಮ್ಮವ್ವಾ." ಒಳಗಿನಿಂದ ಪ್ರಿಯಂವದಾಳ ನಗು ಮತ್ತೊಮ್ಮೆ ಕೇಳಿಸಿತು. "ಆಕಿ ಇಲ್ಲೇ ಇಪ್ಪತ್ತೆಂಟು ವರ್ಷ ಕೂತಿದ್ಲು, ಒಬ್ಬಾಕೀನ. ಯಾರೂ ಚಹಾ ಸೈತ ಕೊಡಲಿಲ್ಲ. ಕರಾರು ನಾಕು ವರ್ಷದ್ದು. ಅಷ್ಟರೆ ನಾ ಕೂಡೂದಿಲ್ಲೇನು?"

ಅಣ್ಣ ತಲೆ ತಗ್ಗಿಸಿ ತನ್ನ ಚಹಾ ಕುಡಿಯುತ್ತಿದ್ದ. ನಾನು ಅವರ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಖಾಲಿ ಜಾಗದ ಮುಂದಿದ್ದ ಲೋಟ ನನ್ನ ಕಡೆಗೆ ಸರಿದಿತ್ತು, ಯಾವಾಗ ಸರಿಯಿತೋ ಕಾಣಲಿಲ್ಲ. ಎತ್ತಿ ಒಂದು ಗುಟುಕು ಕುಡಿದೆ. ಅದೇ ಕೆಟಲಿನ ಚಹಾ, ಸಕ್ಕರೆ ಕಡಿಮೆ ಇತ್ತು.